ಪುಂಡಿ ನಾರು, ಹುಣಸೆ ಬೀಜ, ಬೆಳ್ಳಿ ತಂತಿ

ಸಾಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ಹಸೆಗೋಡೆಗೆ ಚಿತ್ತಾರ ಬರೆಯುವ ಹೆಂಗಸರ ಕೈಯಲ್ಲಿರುವುದು ಪುಂಡಿ ನಾರಿನ ಕುಂಚ. ಪುಂಡಿ ಗಿಡದ ತೊಗಟೆಯಿಂದ ಬಿಡಿಸಿದ ನಾರಿನಲ್ಲಿ ಬೇಕಾದಷ್ಟೇ ಎಳೆ ಹಿಡಿದು, ತುದಿಯನ್ನು ಸಮ ಮಾಡಿಕೊಂಡರೆ ಕುಂಚ ಸಿದ್ಧ. ಬಣ್ಣಗಳೂ ಅಷ್ಟೇ ಸರಳ. ಗೋಡೆಗೆ ಬಳಿಯುವುದು ಕೆಮ್ಮಣ್ಣು. ಅದರ ಮೇಲಿನ ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಸೀದು ಕರಕಾಗುವಷ್ಟು ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಇಷ್ಟರಲ್ಲೇ ಅಡಿಕೋಲು ಮುಟ್ಟದೆ ಎಳೆದ ಗೆರೆಗಳು ಒಂದರ ಪಕ್ಕ ಒಂದು ಸಮಾನಾಂತರವಾಗಿ ಸಾಗುತ್ತವೆ, ಕೋನಗಳಲ್ಲಿ ತಪ್ಪದೆ ಕೂಡುತ್ತವೆ.

ಈ ನೇರತನದಲ್ಲಿ ಕೈಯ ಸಾಧನೆ ಎಷ್ಟಿದೆಯೋ ನಾರಿನ ಗುಣವೂ ಅಷ್ಟಿದೆ. ಪ್ರಾಣಿಯ ಕೂದಲಿಗೆ ಪುಟಿಯುವ ಸ್ವಭಾವವಿದೆ. ಒತ್ತಿದರೆ ಬಾಗಿ, ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ಹಾಗಾಗಿ ಕೈಯ ಪ್ರತಿ ಅದುರನ್ನೂ ಅದು ಗೆರೆಗೆ ದಾಟಿಸುತ್ತದೆ. ನಾರು ಪುಟಿಯುವುದಿಲ್ಲ. ಬಣ್ಣದಲ್ಲಿ ಅದ್ದಿದ ಉದ್ದನೆಯ ನಾರು ಗೋಡೆಗೆ ತಾಗಿಕೊಂಡು ಕೈಯ ಹಿಂದೆ ಎಳೆದುಕೊಂಡು ಬರುವಾಗ ಬೆರಳಿನ ಸಣ್ಣ ನಡುಕ ನಾರಿನ ಉದ್ದದಲ್ಲೇ ಕರಗಿ, ಗೆರೆ ನೆಟ್ಟಗೆ ಬೀಳುತ್ತದೆ. ಗೆರೆಯ ದಪ್ಪವನ್ನು ಗೊತ್ತುಮಾಡುವುದು ಒತ್ತಡಕ್ಕಿಂತ ಹೆಚ್ಚಾಗಿ ಎಳೆಗಳ ಸಂಖ್ಯೆ. ದಪ್ಪ ಗೆರೆ ಬೇಕೆಂದರೆ ಬೇರೆ ಕುಂಚವನ್ನೇ ಕಟ್ಟಿಕೊಳ್ಳಬೇಕು. ಬಣ್ಣ ಹೆಚ್ಚು ಹಿಡಿಯದ ಕಾರಣ ಮತ್ತೆ ಮತ್ತೆ ಅದ್ದಬೇಕು, ಪ್ರತಿ ಗೆರೆಯನ್ನೂ ಮೊದಲೇ ಅಳೆದುಕೊಳ್ಳಬೇಕು. ಚಿತ್ತಾರದ ಜ್ಯಾಮಿತಿಗೂ ಈ ಅಳತೆಗೂ ನಂಟಿದೆ. ನೈಲಾನ್ ಕುಂಚ, ಅಕ್ರಿಲಿಕ್ ಬಣ್ಣದಲ್ಲಿ ಅದೇ ವಿನ್ಯಾಸ ಬರೆದಾಗ ಏನೋ ಕಳೆದುಹೋದಂತೆ ಕಾಣುವುದು ಇದರಿಂದಲೇ.

ಕಲಾವಿದರಿಗೆ ಬಣ್ಣ, ಕುಂಚ, ಕಾಗದಗಳೆಲ್ಲ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ವ್ಯವಸ್ಥೆ ಬಹಳ ಹಳೆಯದೇನಲ್ಲ. ತೈಲವರ್ಣ ತುಂಬಿಡುವ ತಗಡಿನ ಟ್ಯೂಬಿಗೆ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ್‍ಯಾಂಡ್ ಪೇಟೆಂಟ್ ಪಡೆದದ್ದು 1841ರಲ್ಲಿ. ಅಲ್ಲಿಯವರೆಗೆ ಬಣ್ಣ ಅರೆಯುವುದು ಚಿತ್ರಶಾಲೆಯ ನಿತ್ಯದ ಕೆಲಸವಾಗಿತ್ತು. ಟ್ಯೂಬು ಬಂದ ಮೇಲೆ ಬಯಲಿನಲ್ಲಿ ನಿಂತು ಚಿತ್ರ ಬರೆಯುವುದು ಸುಲಭವಾಯಿತು, ಫ್ರಾನ್ಸಿನ ಇಂಪ್ರೆಷನಿಸ್ಟರಿಗೆ ಅದರಿಂದ ಉಪಕಾರವೂ ಆಯಿತು. ಆದರೆ ಎಲ್ಲ ಬಣ್ಣವೂ ಒಂದೇ ಹದಕ್ಕೆ, ಒಂದೇ ನುಣುಪಿಗೆ ಬಂದು ನಿಂತಿತು. ಅಪರೂಪದ ಸಾಮಗ್ರಿಯ ಪ್ರಯೋಜನ ಇರುವುದು ಇಲ್ಲಿ. ಅದು ಕೈಗೆ ತಡೆ ಒಡ್ಡುತ್ತದೆ, ರೂಢಿಯಾದ ಗೆರೆಯನ್ನು ಎಳೆಯಲು ಬಿಡುವುದಿಲ್ಲ. ಕರ್ನಾಟಕದ ಮಟ್ಟಿಗೆ ಇಂಥ ಸಾಮಗ್ರಿಗಳಲ್ಲಿ ಹೆಚ್ಚಿನವು ಹಿತ್ತಲಲ್ಲಿ, ಗ್ರಂದಿಗೆ ಅಂಗಡಿಯಲ್ಲಿ, ಅಕ್ಕಸಾಲಿಗರ ಬೀದಿಯಲ್ಲಿ ಸಿಗುವಂಥವು.

ಗೆರೆ ಎಳೆಯುವ ಸಾಧನಗಳಲ್ಲಿ ನಾರಿನ ಕುಂಚಕ್ಕೆ ಹತ್ತಿರದ ನೆಂಟರು ಕೆಲವಿವೆ. ವಾರ್ಲಿ ಚಿತ್ರಕಾರರು ಬಿದಿರು ಕಡ್ಡಿಯ ತುದಿಯನ್ನು ಜಗಿದು ಕುಂಚ ಮಾಡಿಕೊಂಡು ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಬರೆಯುತ್ತಾರೆ. ಮೈಸೂರು ಶೈಲಿಯ ಹಳೆಯ ಚಿತ್ರಗಾರರು ಅಳಿಲು ಮೊದಲಾದ ಪ್ರಾಣಿಗಳ ಕೂದಲಿನ ಕುಂಚ ಬಳಸುತ್ತಿದ್ದರೂ ಅತಿ ಸಣ್ಣ ಗೆರೆಗೆ ಚೂಪು ತುದಿಯ ಒಂದು ಬಗೆಯ ಹುಲ್ಲಿನ ಎಸಳನ್ನೇ ಕುಂಚವಾಗಿಸಿಕೊಂಡಿದ್ದರು. ಕೂದಲಿನ ಕುಂಚದ ವಿಚಾರದಲ್ಲಿ ಇಂದು ಒಂದು ಎಚ್ಚರಿಕೆ ಅಗತ್ಯ. ಮುಂಗುಸಿ ಕೂದಲಿನ ಕುಂಚಗಳ ಮಾರಾಟ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಅಪರಾಧ. ಹುಲ್ಲು, ನಾರು, ಬಿದಿರುಗಳಿಗೆ ಆ ತೊಡಕಿಲ್ಲ.

ಕುಂಚವೂ ಅಲ್ಲದ, ಲೇಖನಿಯೂ ಅಲ್ಲದ ಒಂದು ಸಾಧನ ಆಂಧ್ರದ ಶ್ರೀಕಾಳಹಸ್ತಿಯ ಕಲಂ. ಬಿದಿರಿನ ಕಡ್ಡಿಯ ತುದಿ ಚೂಪು ಮಾಡಿ, ತುಸು ಮೇಲಕ್ಕೆ ಉಣ್ಣೆಯನ್ನೋ ಬಟ್ಟೆಯನ್ನೋ ಉಂಡೆಯಾಗಿ ಸುತ್ತಿ ದಾರದಿಂದ ಬಿಗಿದಿರುತ್ತಾರೆ. ಉಂಡೆ ಬಣ್ಣದ ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ. ಬೆರಳಿಂದ ಅದನ್ನು ಮೆಲ್ಲಗೆ ಅದುಮಿದಾಗ ಬಣ್ಣ ತುದಿಗಿಳಿಯುತ್ತದೆ. ಗೆರೆ ಎಳೆಯುವ ಕೈಯೇ ಬಣ್ಣದ ಹರಿವನ್ನೂ ಹಿಡಿತದಲ್ಲಿಟ್ಟುಕೊಳ್ಳಬೇಕಾದ್ದರಿಂದ ಈ ಗೆರೆಗೆ ಉಸಿರಾಟದಂಥ ಏರಿಳಿತ ಬರುತ್ತದೆ. ಕಳೆದ ಶತಮಾನದ ಮಧ್ಯದಲ್ಲಿ ನಶಿಸುವ ಹಂತಕ್ಕೆ ಬಂದಿದ್ದ, ಕಲಂನಿಂದ ಬಟ್ಟೆಯ ಮೇಲೆ ಬರೆಯುವ ಈ ಕಲಂಕಾರಿ ಕಲೆಯ ಪುನರುಜ್ಜೀವನಕ್ಕೆ ಮುಂದಾದವರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರು ಮೊದಲು ಬರುತ್ತದೆ. ಕಲಂ ಮಾಡಿಕೊಳ್ಳಲು ಅರ್ಧ ಗಂಟೆ ಸಾಕು. ಉಂಡೆಯನ್ನು ಎಷ್ಟು ಬಿಗಿಯಾಗಿ ಸುತ್ತಬೇಕೆಂಬುದನ್ನು ಮಾತ್ರ ಕೈಯೇ ಕಲಿಯಬೇಕು. ಸಡಿಲವಾದರೆ ಬಣ್ಣ ತೊಟ್ಟಿಕ್ಕುತ್ತದೆ, ಬಿಗಿಯಾದರೆ ಇಳಿಯುವುದೇ ಇಲ್ಲ.

ಬಟ್ಟೆ ಸುತ್ತದ ಬರಿಯ ಜೊಂಡಿನ ಲೇಖನಿಗೂ ಅದರದ್ದೇ ಗುಣವಿದೆ. ವಿನ್ಸೆಂಟ್ ವ್ಯಾನ್ ಗೋ 1888ರಲ್ಲಿ ಫ್ರಾನ್ಸಿನ ಆರ್ಲ್ ಊರಿನಲ್ಲಿ ಬಿಡಿಸಿದ ಭೂದೃಶ್ಯಗಳು ಅಲ್ಲಿನ ಜೊಂಡನ್ನೇ ಕತ್ತರಿಸಿ ಮಾಡಿದ ಲೇಖನಿಯಲ್ಲಿ ಬರೆದವು. ಜೊಂಡು ಶಾಯಿಯನ್ನು ಬಹಳ ಹೊತ್ತು ಹಿಡಿದಿಡಲಾರದು. ಗೆರೆ ದಪ್ಪಗೆ ಶುರುವಾಗಿ ಬೇಗನೆ ಒಣಗುತ್ತದೆ. ಆ ಚಿತ್ರಗಳಲ್ಲಿ ಗದ್ದೆ, ಹುಲ್ಲು, ಆಕಾಶಗಳೆಲ್ಲ ಗಿಡ್ಡ ಗೀಟು ಮತ್ತು ಚುಕ್ಕೆಗಳಾಗಿ ಒಡೆದಿರುವುದರಲ್ಲಿ ಆ ಮಿತಿಯ ಪಾತ್ರವೂ ಉಂಟು.

ಕಲಂಕಾರಿಯ ಕಪ್ಪು ಬಣ್ಣವಂತೂ ಪ್ರತ್ಯೇಕವಾಗಿ ಹೇಳಬೇಕಾದ ವಸ್ತು. ತುಕ್ಕು ಹಿಡಿದ ಕಬ್ಬಿಣದ ಚೂರು, ಬೆಲ್ಲ ಮತ್ತು ನೀರನ್ನು ಮಡಕೆಯಲ್ಲಿ ಹಾಕಿ ಎರಡು ಮೂರು ವಾರ ಹುಳಿಯಲು ಬಿಡುತ್ತಾರೆ. ಬೆಲ್ಲ ಹುಳಿತು ಹುಟ್ಟುವ ಆಮ್ಲ ಕಬ್ಬಿಣವನ್ನು ಕರಗಿಸಿಕೊಳ್ಳುತ್ತದೆ. ಸೋಸಿ ತೆಗೆದ ಈ ನೀರು ಕಪ್ಪಗೇನೂ ಇರುವುದಿಲ್ಲ. ಇತ್ತ ಬಟ್ಟೆಯನ್ನು ಅಳಲೆಕಾಯಿಯ ಪುಡಿ ಮತ್ತು ಎಮ್ಮೆ ಹಾಲಿನಲ್ಲಿ ನೆನೆಸಿ ಒಣಗಿಸಿರುತ್ತಾರೆ. ಅಳಲೆಕಾಯಿಯಲ್ಲಿ ಟ್ಯಾನಿನ್ ಇದೆ. ಕಬ್ಬಿಣದ ನೀರು ಅದಕ್ಕೆ ತಾಗಿದ ಕೂಡಲೇ ಗೆರೆ ಕಪ್ಪಾಗತೊಡಗುತ್ತದೆ. ಹಾಲಿನ ಜಿಡ್ಡು ಗೆರೆ ಹರಡದಂತೆ ತಡೆಯುತ್ತದೆ. ಬಣ್ಣ ಹುಟ್ಟುವುದು ಬಟ್ಟೆಯ ಮೇಲೆ, ಕಣ್ಣೆದುರಿಗೆ. ಪಟಿಕದ ನೀರಿನಲ್ಲಿ ಬರೆದ ಭಾಗ ಮುಂದೆ ಬೇರಿನ ಬಣ್ಣದಲ್ಲಿ ಕುದಿಸಿದಾಗ ಕೆಂಪಾಗುವುದೂ ಇದೇ ತರ್ಕದಿಂದ. ಪಟಿಕ ಇರುವಲ್ಲಿ ಮಾತ್ರ ಕೆಂಪು ಗಟ್ಟಿಯಾಗಿ ಹಿಡಿಯುತ್ತದೆ.

ಕಾಗದದ ಮೇಲೂ ಇದನ್ನು ಮಾಡಬಹುದು. ದಪ್ಪ ಕಾಗದಕ್ಕೆ ಅಳಲೆಕಾಯಿಯ ಕಷಾಯವನ್ನೋ ಗಟ್ಟಿ ಚಹಾ ಡಿಕಾಕ್ಷನ್ನನ್ನೋ ಬಳಿದು ಒಣಗಿಸಿ, ಕಬ್ಬಿಣದ ನೀರಿನಲ್ಲಿ ಬರೆದರೆ ಬೂದಿಯಿಂದ ಕಡುಗಪ್ಪಿನವರೆಗಿನ ಛಾಯೆಗಳು ಬರುತ್ತವೆ. ಯುರೋಪಿನಲ್ಲಿ ಓಕ್ ಮರದ ಗಂಟುಕಾಯಿ ಮತ್ತು ಅನ್ನಭೇದಿಯಿಂದ ತಯಾರಾಗುತ್ತಿದ್ದ ಶಾಯಿಯ ರಸಾಯನವೂ ಇದೇ. ಸಾವಿರಕ್ಕೂ ಹೆಚ್ಚು ವರ್ಷ ಅಲ್ಲಿನ ಬರವಣಿಗೆ ನಡೆದದ್ದು ಆ ಶಾಯಿಯಲ್ಲಿ. ಅದರ ದೋಷವೂ ಅಷ್ಟೇ ಹಳೆಯದು. ಕಬ್ಬಿಣ ಮತ್ತು ಆಮ್ಲ ಹೆಚ್ಚಾದರೆ ಕಾಲಾಂತರದಲ್ಲಿ ಗೆರೆ ಕಂದಾಗುತ್ತದೆ, ಕಾಗದವನ್ನೇ ತಿಂದು ತೂತು ಮಾಡುತ್ತದೆ. ದೀರ್ಘಕಾಲ ಉಳಿಯಬೇಕಾದ ಕೃತಿಗೆ ಈ ಶಾಯಿಯನ್ನು ತೆಳ್ಳಗೆ ಬಳಸುವುದು, ತೇವವಿಲ್ಲದ ಕಡೆ ಇಡುವುದು ಮುಖ್ಯ.

ಇದ್ದಿಲು ಮತ್ತು ಮಸಿಗೆ ಈ ಅಂಜಿಕೆ ಇಲ್ಲ. ಎರಡೂ ಬರಿಯ ಇಂಗಾಲ, ಬಿಸಿಲಿಗೂ ಕಾಲಕ್ಕೂ ಬಗ್ಗುವುದಿಲ್ಲ. ಮೈಸೂರಿನ ಚಿತ್ರಗಾರರೂ ಶ್ರೀಕಾಳಹಸ್ತಿಯವರೂ ಮೊದಲ ರೇಖೆಗಳಿಗೆ ಬಳಸಿದ್ದು ಹುಣಸೆ ಕಡ್ಡಿಯ ಇದ್ದಿಲು. ಒಣಗಿದ ಹುಣಸೆ ಕಡ್ಡಿಗಳನ್ನು ತಗಡಿನ ಡಬ್ಬಿಯಲ್ಲಿ ಒತ್ತಾಗಿ ತುಂಬಿ, ಮುಚ್ಚಳದಲ್ಲಿ ಹೊಗೆ ಹೋಗಲು ಒಂದು ಸಣ್ಣ ತೂತು ಬಿಟ್ಟು ಕೆಂಡದಲ್ಲಿಟ್ಟರೆ, ಒಳಗೆ ಗಾಳಿಯಾಡದ ಕಾರಣ ಕಡ್ಡಿ ಬೂದಿಯಾಗದೆ ಇದ್ದಿಲಾಗುತ್ತದೆ. ಹೊಗೆ ನಿಂತ ಮೇಲೆ ಡಬ್ಬಿಯನ್ನು ತೆಗೆದು, ಪೂರ್ತಿ ಆರುವವರೆಗೆ ಮುಚ್ಚಳ ತೆರೆಯಬಾರದು. ಮಸಿಗೆ ಹರಳೆಣ್ಣೆಯ ದೀಪದ ಮೇಲೆ ತಾಮ್ರದ ಪಾತ್ರೆ ಬೋರಲು ಹಾಕಿ ಕಾಡಿಗೆ ಹಿಡಿಯುವ ಹಳೆಯ ವಿಧಾನವೇ ಸಾಕು. ಜಾಲಿ ಅಂಟಿನ ನೀರಿನಲ್ಲಿ ಅರೆದರೆ ಅಪ್ಪಟ ಶಾಯಿ. ಬೆಂಗಳೂರಿನ ಗ್ರಾವಿಕಿ ಲ್ಯಾಬ್ಸ್ ವಾಹನ ಮತ್ತು ಚಿಮಣಿಗಳ ಹೊಗೆಯಿಂದ ಹಿಡಿದ ಮಸಿಯಲ್ಲಿ ಏರ್-ಇಂಕ್ ಎಂಬ ಶಾಯಿ ತಯಾರಿಸಿ ಕಲಾವಿದರ ಕೈಗಿತ್ತಿದೆ. ಹಳೆಯ ಸೂತ್ರ, ಹೊಸ ದೀಪ.

ಬರೆಯುವ ಮೈಯ ವಿಷಯಕ್ಕೆ ಬಂದರೆ ಕನ್ನಡ ನಾಡಿನ ಅತ್ಯಂತ ಸೊಗಸಾದ ಸಾಮಗ್ರಿ ಕಡತ, ಈಗ ಬಹುತೇಕ ಮರೆತುಹೋಗಿರುವುದೂ ಅದೇ. ಹತ್ತಿ ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆ ಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಬದಿ ಬಳಿದು ಒಣಗಿಸಿ, ಹಿಂದೆ ಮುಂದೆ ಮಡಿಸಿದರೆ ಕಪ್ಪು ಪುಟಗಳ ಪುಸ್ತಕವಾಗುತ್ತದೆ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬರತೊಡಗಿದ ತನ್ನ ಇತಿಹಾಸ ಗ್ರಂಥದಲ್ಲಿ ಕಡತವನ್ನು ವರ್ಣಿಸಿದ್ದಾನೆ. ಅವನು ಕೊಡುವ ಅಳತೆ ಸುಮಾರು ಒಂದಡಿವರೆಗಿನ ಅಗಲ, 12ರಿಂದ 18 ಅಡಿ ಉದ್ದ. ಮಠಗಳ ಲೆಕ್ಕಪತ್ರ, ಗ್ರಾಮದ ದಾಖಲೆ, ವ್ಯಾಪಾರಿಗಳ ಲೇವಾದೇವಿ ಎಲ್ಲವೂ ಇದರಲ್ಲಿದ್ದವು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರ. ಅಳಿಸಿ ಬರೆಯಬಹುದು, ಮೈ ಸವೆದರೆ ಮತ್ತೆ ಸರಿ ಬಳಿಯಬಹುದು, ಹಾಗೇ ಜೋಪಾನ ಮಾಡಿದರೆ ಬರಹ ಶತಮಾನ ದಾಟುತ್ತದೆ.

ಚಿತ್ರಕಾರರಿಗೆ ಕಡತ ಕೊಡುವುದು ಎರಡು ಅನುಕೂಲ. ಮೊದಲನೆಯದು ಕತ್ತಲಿನಿಂದ ಬೆಳಕಿನ ಕಡೆಗೆ ಬರೆಯುವ ಅಭ್ಯಾಸ. ಬಿಳಿ ಕಾಗದದ ಮೇಲೆ ನೆರಳನ್ನು ತುಂಬುತ್ತ ಹೋಗುವ ಕಣ್ಣು, ಕಪ್ಪು ಮೈಯ ಮೇಲೆ ಬೆಳಕು ಎಲ್ಲಿ ಬೀಳುತ್ತದೆಂದು ಮೊದಲು ಹುಡುಕಬೇಕಾಗುತ್ತದೆ. ಎರಡನೆಯದು ಉದ್ದ. ಮಡಿಕೆಗಳನ್ನು ಬಿಡಿಸುತ್ತ ಹೋದಂತೆ ಚಿತ್ರ ಮುಂದುವರಿಯುತ್ತದೆ. ಸಂತೆ, ತೇರು, ನದಿಯ ದಡದಂಥ ವಸ್ತುಗಳಿಗೆ ಅದು ಹೇಳಿ ಮಾಡಿಸಿದ್ದು. ತಯಾರಿಕೆ ಕಷ್ಟವಲ್ಲ. ಒಗೆದು ಗಂಜಿ ತೆಗೆದ ಹತ್ತಿ ಬಟ್ಟೆಗೆ ತೆಳುವಾದ ಸರಿಯನ್ನು ಮೂರು ನಾಲ್ಕು ಸಲ, ಪ್ರತಿ ಸಲವೂ ಒಣಗಿದ ಮೇಲೆ ಬಳಿಯಬೇಕು. ಕೊನೆಗೆ ನುಣುಪು ಕಲ್ಲಿನಿಂದ ಉಜ್ಜಬೇಕು. ಒಂದೇ ಸಲಕ್ಕೆ ದಪ್ಪಗೆ ಬಳಿದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ.

ಅದರ ಜೊತೆಯ ಬಳಪ ಮೆತ್ತನೆಯ ಕಲ್ಲು, ಉಗುರಿನಿಂದ ಗೀಚಿದರೂ ಗುರುತು ಬೀಳುವಂಥದು. ಬೇಲೂರು, ಹಳೆಬೀಡಿನ ಶಿಲ್ಪಗಳ ಕಲ್ಲನ್ನು ಬಳಪದ ಕಲ್ಲೆಂದು ಕರೆಯುವುದು ಆ ಮೆತ್ತನೆಯ ಗುಣದಿಂದಲೇ. ಆಭರಣದ ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಲು ಹೊಯ್ಸಳ ಶಿಲ್ಪಿಗಳಿಗೆ ಆ ಕಲ್ಲು ಆಸ್ಪದ ಕೊಟ್ಟಿತು. ಕೆತ್ತನೆಯನ್ನು ಮೊದಲ ಸಲ ಮಾಡುವವರಿಗೂ ಇದು ಒಳ್ಳೆಯ ಕಲ್ಲು, ಚಾಕು ಮತ್ತು ಅರ ಸಾಕು. ಕೆಲವು ಕಡೆಯ ಬಳಪದ ಕಲ್ಲಿನಲ್ಲಿ ಆಸ್ಬೆಸ್ಟಾಸ್ ಜಾತಿಯ ಎಳೆಗಳು ಇರಬಹುದಾದ್ದರಿಂದ ಕಲ್ಲನ್ನು ಒದ್ದೆ ಮಾಡಿ ಉಜ್ಜಬೇಕು, ಮೂಗಿಗೆ ಮಾಸ್ಕ್ ಬೇಕೇ ಬೇಕು.

ಓಲೆಗರಿಯ ಮೇಲೆ ಚಿತ್ರ ಬರೆಯುವುದು ಒಡಿಶಾದಲ್ಲಿ ಇಂದಿಗೂ ಜೀವಂತ. ಗರಿಯನ್ನು ಬೇಯಿಸಿ, ಒಣಗಿಸಿ, ಒತ್ತಿಟ್ಟು, ಕಬ್ಬಿಣದ ಮೊನೆಯಿಂದ ಗೀರಿ, ಮೇಲೆ ಎಣ್ಣೆಮಸಿ ಸವರಿ ಒರೆಸುತ್ತಾರೆ. ಮಸಿ ಗೀರಿನಲ್ಲಿ ಮಾತ್ರ ಉಳಿಯುತ್ತದೆ. ಮುದ್ರಣ ಕಲೆಯ ಎಚಿಂಗ್ ಬಲ್ಲವರಿಗೆ ಈ ಕ್ರಿಯೆ ತಕ್ಷಣ ಗುರುತಾಗುತ್ತದೆ. ಗರಿಯ ನಾರಿನ ಗುಂಟ ಒತ್ತಿ ಗೆರೆ ಎಳೆದರೆ ಗರಿ ಸೀಳುವ ಭಯವಿರುವುದರಿಂದ ಕೈ ತಾನಾಗಿಯೇ ಹಗುರವಾಗುತ್ತದೆ. ಗರಿಯ ಮೇಲೆ ಗೀರದೆ ಬಣ್ಣದಲ್ಲೇ ಬರೆದ ಚಿತ್ರಗಳೂ ಉಂಟು. ಮೂಡುಬಿದಿರೆಯ ಜೈನ ಬಸದಿಯಲ್ಲಿ ಉಳಿದುಬಂದ 12ನೇ ಶತಮಾನದ ಧವಲಾ ಹಸ್ತಪ್ರತಿಗಳು ಅದಕ್ಕೆ ಸಾಕ್ಷಿ.

ಕರಾವಳಿಯ ಕಾವಿ ಕಲೆಯಲ್ಲಿ ಬಣ್ಣ ಹಚ್ಚುವುದಕ್ಕಿಂತ ಕೆರೆದು ತೆಗೆಯುವುದೇ ಚಿತ್ರ. ಬಿಳಿ ಸುಣ್ಣದ ಗಾರೆಯ ಮೇಲೆ ಕಾವಿ ಮಣ್ಣಿನ ಕೆಂಪು ಪದರ ಬಳಿದು, ಹಸಿ ಇರುವಾಗಲೇ ಚೂಪು ಮೊನೆಯಿಂದ ಕೆರೆದರೆ ಕೆಳಗಿನ ಬಿಳಿ ಮೂಡುತ್ತದೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವುದರಿಂದ ಕೆಂಪು ಅದರೊಳಗೇ ಸೆರೆಯಾಗುತ್ತದೆ. ಶಿರಸಿಯ ಮಾರಿಕಾಂಬಾ ದೇವಾಲಯದ ಗೋಡೆಗಳಲ್ಲಿ, ಉತ್ತರ ಕನ್ನಡ ಮತ್ತು ಗೋವೆಯ ಹಲವು ಗುಡಿಗಳಲ್ಲಿ ಇದನ್ನು ನೋಡಬಹುದು. ಮಳೆ ಸುರಿಯುವ ಸೀಮೆಯಲ್ಲಿ ಇಷ್ಟು ಕಾಲ ಬಾಳಿದ ಚಿತ್ರವಿಧಾನವನ್ನು ಜೀರ್ಣೋದ್ಧಾರದ ಹೆಸರಲ್ಲಿ ಎನಾಮೆಲ್ ಬಣ್ಣ ಬಳಿದು ಮುಚ್ಚುವುದು ನೋವಿನ ಸಂಗತಿ. ಪ್ರಯೋಗಕ್ಕೆ ಒಂದು ಮರದ ಹಲಗೆ, ಸೋಸಿದ ಸುಣ್ಣ, ಮರಳು ಮತ್ತು ಕಾವಿ ಇದ್ದರೆ ಆಯಿತು. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯವಾದ್ದರಿಂದ ಕನ್ನಡಕ, ಕೈಗವಸು ಬಿಡುವಂತಿಲ್ಲ.

ತೊಗಲುಗೊಂಬೆಯವರ ಹದಗೊಳಿಸಿದ ಆಡಿನ ತೊಗಲು ಇನ್ನೊಂದು ಬಗೆಯ ಮೈ. ಬೆಳಕು ಅದರ ಮೂಲಕ ಹಾಯುವುದರಿಂದ ಬಣ್ಣ ಪಾರದರ್ಶಕವಾಗಿರಬೇಕು. ಉಳಿಯಿಂದ ಕೊರೆದ ತೂತುಗಳು ಬಿಳಿ ಬಣ್ಣದ ಕೆಲಸ ಮಾಡುತ್ತವೆ.

ಬಣ್ಣದ ಪುಡಿಯನ್ನು ಮೈಗೆ ಹಿಡಿಸುವುದು ಅಂಟು. ಚಿತ್ರ ಮಿನುಗಬೇಕೋ ಮಂಕಾಗಿರಬೇಕೋ, ಬಾಗಬೇಕೋ ಬಿರಿಯಬೇಕೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದೂ ಅದೇ. ಈ ಭಾಗದಲ್ಲಿ ಹುಣಸೆ ಬೀಜಕ್ಕೆ ಸಾಟಿಯಿಲ್ಲ. ಕಡತದಲ್ಲಿ ಅದನ್ನು ಕಂಡದ್ದಾಯಿತು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಗೋಣಿ ನಾರಿನ ಪುಡಿಯನ್ನು ಹುಣಸೆ ಬೀಜದ ಅಂಟಿನಲ್ಲಿ ಕಲಸಿ ಕಿಟ್ಟ ಎಂಬ ಮುದ್ದೆ ಮಾಡಿ, ಹಗುರ ಮರದ ಬೊಂಬೆಗಳ ಕೀಲುಗಳನ್ನು ಅದರಿಂದ ಮುಚ್ಚಿ ಮೈ ನುಣುಪು ಮಾಡುತ್ತಾರೆ. ಆಭರಣದ ಉಬ್ಬುಗೆಲಸಕ್ಕೆ ಬೆಣಚುಕಲ್ಲಿನ ಪುಡಿ ಮತ್ತು ಅಂಟಿನ ಪಾಕ. ಒಡಿಶಾದ ಪಟಚಿತ್ರಕ್ಕೆ ಬಟ್ಟೆಗಳನ್ನು ಪದರವಾಗಿ ಅಂಟಿಸಿ ಸೀಮೆಸುಣ್ಣ ಬಳಿಯುವುದು ಇದೇ ಅಂಟಿನಲ್ಲಿ, ಬಣ್ಣಕ್ಕೆ ಅಲ್ಲಿ ಬೇಲದ ಮರದ ಅಂಟು ಬರುತ್ತದೆ. ಬಂಗಾಳದ ಜಾಮಿನಿ ರಾಯ್ ಯುರೋಪಿನ ತೈಲವರ್ಣವನ್ನು ಬಿಟ್ಟು ಜನಪದ ಚಿತ್ರದ ದಾರಿ ಹಿಡಿದಾಗ ಮಣ್ಣು, ಕಲ್ಲಿನ ಪುಡಿ, ನೀಲಿ, ದೀಪದ ಮಸಿಗಳ ಜೊತೆ ಹುಣಸೆ ಬೀಜದ ಅಂಟನ್ನೂ ಆರಿಸಿಕೊಂಡರು. ಅವರ ಚಿತ್ರಗಳ ಮಂಕು ಸಮತಲ ಬಣ್ಣಕ್ಕೆ ಆ ಆಯ್ಕೆ ಬಹುಮಟ್ಟಿಗೆ ಕಾರಣ. ಎಣ್ಣೆಯ ಹೊಳಪು ಇದ್ದಿದ್ದರೆ ಆ ಚಿತ್ರಗಳು ಬೇರೆಯೇ ಆಗುತ್ತಿದ್ದವು.

ಅಂಟು ಮಾಡಲು ಬೀಜವನ್ನು ಹುರಿದು ಸಿಪ್ಪೆ ತೆಗೆದು, ಒಂದು ರಾತ್ರಿ ನೆನೆಸಿ ನುಣ್ಣಗೆ ಅರೆದು, ಹೆಚ್ಚು ನೀರಿನಲ್ಲಿ ಸಣ್ಣ ಉರಿಯ ಮೇಲೆ ತಿರುವುತ್ತ ಕುದಿಸಬೇಕು. ರಾಗಿ ಗಂಜಿಯ ಹದಕ್ಕೆ ಬಂದಾಗ ಬಟ್ಟೆಯಲ್ಲಿ ಸೋಸಬೇಕು. ತಳ ಹಿಡಿದರೆ ಅಂಟು ಕಂದಾಗಿ ಬಣ್ಣ ಕೆಡುತ್ತದೆ. ಎರಡು ಮೂರು ದಿನದಲ್ಲಿ ಬೂಸು ಹಿಡಿಯುವುದು ಇದರ ದೊಡ್ಡ ಕೊರತೆ. ಹಳಬರು ಇಂಥ ಅಂಟುಗಳಿಗೆ ಮೈಲುತುತ್ತ ಸೇರಿಸುತ್ತಿದ್ದರು, ಅದು ವಿಷ. ಮನೆಯಲ್ಲಿ ಒಂದೆರಡು ಹನಿ ಲವಂಗದ ಎಣ್ಣೆ ಹಾಕಿ, ಬೇಕಾದಷ್ಟನ್ನೇ ಆಗಾಗ ಮಾಡಿಕೊಳ್ಳುವುದು ವಾಸಿ.

ಅರಗು ಬೇರೆ ಜಾತಿಯ ಅಂಟು. ನೀರಿನಲ್ಲಿ ಕರಗುವುದಿಲ್ಲ, ಬಿಸಿಗೆ ಕರಗುತ್ತದೆ. ಚನ್ನಪಟ್ಟಣದ ಕುಶಲಕರ್ಮಿಗಳು ಆಲೆ ಮರದ ತುಂಡನ್ನು ಯಂತ್ರದಲ್ಲಿ ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಗರಿಯೊಂದನ್ನು ಒತ್ತಿ ಮೆರುಗು ಕೊಡುತ್ತಾರೆ. ಕುಂಚವಿಲ್ಲ, ಒಣಗಿಸುವ ಕಾಯುವಿಕೆಯಿಲ್ಲ. ಚಿತ್ರಕಾರರಿಗೆ ಅರಗಿನಿಂದ ಇನ್ನೊಂದು ಉಪಯೋಗವಿದೆ. ಬಡಗಿಗಳು ಪಾಲಿಶ್‌ಗೆ ತರುವ ಶೆಲ್ಯಾಕ್ ಹಳಕುಗಳನ್ನು ಸ್ಪಿರಿಟ್ಟಿನಲ್ಲಿ ತೆಳುವಾಗಿ ಕರಗಿಸಿ ಸಿಂಪಡಿಸಿದರೆ ಇದ್ದಿಲಿನ ಚಿತ್ರ ಉದುರದೆ ನಿಲ್ಲುತ್ತದೆ. ಮತದಾರರ ಬೆರಳಿಗೆ ಹಚ್ಚುವ ಶಾಯಿಗೆ ಹೆಸರಾದ ಮೈಸೂರಿನ ಕಾರ್ಖಾನೆ 1937ರಲ್ಲಿ ಶುರುವಾದದ್ದೂ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿಯೇ.

ಜೇನುಮೇಣದಲ್ಲಿ ಬಣ್ಣ ಕಲಸಿ ಬಿಸಿಯಾಗಿ ಹಚ್ಚುವ ಎನ್‌ಕಾಸ್ಟಿಕ್ ವಿಧಾನದಲ್ಲಿ ಬರೆದ ಈಜಿಪ್ತಿನ ಫಯೂಮ್ ಮುಖಚಿತ್ರಗಳು ಸುಮಾರು ಎರಡು ಸಾವಿರ ವರ್ಷದ ನಂತರವೂ ತಾಜಾ ಕಾಣುತ್ತವೆ. ಮೇಣ ಗಡುಸಾಗಲೆಂದು ಈಗ ಡಾಮರ್ ಎಂಬ ರಾಳ ಬೆರೆಸುತ್ತಾರೆ. ಪಶ್ಚಿಮ ಘಟ್ಟದ ಧೂಪದ ಮರ ಆ ರಾಳದ ಮರಗಳ ಕುಟುಂಬಕ್ಕೇ ಸೇರಿದ್ದು. ಮೇಣ ಹೊಗೆಯಾಡುವಷ್ಟು ಕಾಯಬಾರದು.

ಬಣ್ಣಗಳಲ್ಲಿ ಮಣ್ಣಿನಷ್ಟು ನಂಬಿಕಸ್ಥ ವಸ್ತು ಇನ್ನೊಂದಿಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಪ್ರಾಗೈತಿಹಾಸಿಕ ಜನ ಬರೆದ ಕೆಂಪು ಚಿತ್ರಗಳು ಇನ್ನೂ ಉಳಿದಿರುವುದು ಕಬ್ಬಿಣದ ಆಕ್ಸೈಡ್ ಬೆಳಕಿಗೆ ಮಾಸದ ಕಾರಣ. ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕಿಳಿಯಲು ಅರೆಗಳಿಗೆ ಬಿಟ್ಟು, ಮೇಲಿನ ಬಣ್ಣದ ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಬೇಕು. ಅದರ ತಳದಲ್ಲಿ ಕೂರುವ ನುಣುಪು ಕೆಸರೇ ಬಣ್ಣ. ಹಳದಿ ಮಣ್ಣನ್ನು ಕಬ್ಬಿಣದ ಹಂಚಿನಲ್ಲಿ ಹುರಿದರೆ ಅದರೊಳಗಿನ ನೀರಿನ ಅಂಶ ಹೋಗಿ ಕೆಂಪಾಗುತ್ತದೆ. ಒಂದೇ ಮಣ್ಣಿನಿಂದ ಹುರಿದ ಹೊತ್ತಿಗೆ ತಕ್ಕಂತೆ ಹಲವು ಬಣ್ಣ ಪಡೆಯಬಹುದು. ಬಯಲುಸೀಮೆಯ ಎರೆ ಮಣ್ಣಿನ ಸ್ವಭಾವ ಬೇರೆ. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗುವ ಅದು ದಪ್ಪಗೆ ಬಳಿದಲ್ಲಿ ಹೊಲದಲ್ಲಿ ಬಿರಿದಂತೆಯೇ ಹಲಗೆಯ ಮೇಲೂ ಬಿರಿಯುತ್ತದೆ. ಬಿರುಕನ್ನೇ ಚಿತ್ರವಾಗಿಸಬಲ್ಲವರಿಗೆ ಅದು ವರ.

ಬೀದರ್‌ನಲ್ಲಂತೂ ಮಣ್ಣು ಬಣ್ಣವಾಗಿ ಉಳಿಯದೆ ಬಣ್ಣ ಹುಟ್ಟಿಸುವ ಸಾಧನವಾಗುತ್ತದೆ. ಬಹುಪಾಲು ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಗೆ ಬೆಳ್ಳಿ ಕೂರಿಸಿದ ಮೇಲೆ, ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕಲಸಿ ಬಿಸಿಯಾಗಿ ಉಜ್ಜಿದರೆ ಸತುವಿನ ಮೈ ಕಡುಗಪ್ಪಾಗುತ್ತದೆ. ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ.

ಬೆಳ್ಳಿಯಿಂದಲೇ ಬರೆಯುವುದೂ ಸಾಧ್ಯ. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1484ರಲ್ಲಿ, 13ನೇ ವಯಸ್ಸಿನಲ್ಲಿ ಬರೆದುಕೊಂಡ ತನ್ನ ಮುಖ ಬೆಳ್ಳಿ ಮೊನೆಯ ಚಿತ್ರ. ಅಕ್ಕಸಾಲಿಗರಲ್ಲಿ ಒಂದು ಬೆಳ್ಳಿ ತಂತಿಯ ತುಂಡು ತಂದು, ತುದಿಯನ್ನು ದುಂಡಗೆ ಉಜ್ಜಿ, ಸೀಸದ ಕಡ್ಡಿ ಹಿಡಿಸುವ ಪೆನ್ಸಿಲಿನಲ್ಲಿ ಸಿಕ್ಕಿಸಿದರೆ ಸಾಧನ ತಯಾರು. ಬರಿಯ ಕಾಗದದ ಮೇಲೆ ಅದು ಮೂಡುವುದಿಲ್ಲ. ಬಿಳಿ ಗ್ವಾಶ್ ಬಣ್ಣದ ತೆಳು ಲೇಪ ಬೇಕು. ಲೇಪದ ತರಿ ಬೆಳ್ಳಿಯ ಕಣಗಳನ್ನು ಉಜ್ಜಿ ಹಿಡಿಯುತ್ತದೆ. ಗೆರೆ ಮೊದಲು ಬೂದಿ, ಗಾಳಿಗೆ ಒಡ್ಡಿದಂತೆ ತಿಂಗಳುಗಳಲ್ಲಿ ಮೆಲ್ಲಗೆ ಕಂದು. ಎಷ್ಟು ಒತ್ತಿದರೂ ಕಪ್ಪಾಗುವುದಿಲ್ಲ, ಅಳಿಸಲೂ ಆಗದು. ನೆರಳು ಬೇಕೆಂದರೆ ಗೆರೆಯ ಮೇಲೆ ಗೆರೆ ಹೆಣೆಯುವುದೊಂದೇ ದಾರಿ. ಅವಸರದ ಕೈಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ.

ಬಿಸಿಲನ್ನೇ ಸಾಧನವಾಗಿಸುವ ಸಯನೊಟೈಪ್ ಅನ್ನು ಇಂಗ್ಲೆಂಡಿನ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ. ಮರುವರ್ಷವೇ ಆನಾ ಆಟ್ಕಿನ್ಸ್ ಕಡಲ ಪಾಚಿಗಳ ನೀಲಿ ಚಿತ್ರಗಳನ್ನು ಪುಸ್ತಕವಾಗಿ ಹೊರತರಲು ಶುರುಮಾಡಿದಳು. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ದ್ರಾವಣಗಳನ್ನು ಬೆರೆಸಿ ಮಬ್ಬು ಬೆಳಕಿನಲ್ಲಿ ಕಾಗದಕ್ಕೆ ಬಳಿದು, ಒಣಗಿದ ಮೇಲೆ ಎಲೆಯನ್ನೋ ನೆಗೆಟಿವನ್ನೋ ಇಟ್ಟು ಬಿಸಿಲಿಗೆ ಹಿಡಿದು ನೀರಲ್ಲಿ ತೊಳೆದರೆ, ಬೆಳಕು ಬಿದ್ದಲ್ಲಿ ಗಾಢ ನೀಲಿ, ಮರೆಯಾದಲ್ಲಿ ಬಿಳಿ. ಇಂಜಿನಿಯರುಗಳ ಹಳೆಯ ಬ್ಲೂಪ್ರಿಂಟ್ ಇದೇ. ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿದರೆ ನೀಲಿ ಕಪ್ಪಿನ ಕಡೆ ತಿರುಗುತ್ತದೆ. ಅಳಲೆಕಾಯಿಯ ಟ್ಯಾನಿನ್ ಮಾಡಿದ ಕೆಲಸವನ್ನೇ ಇಲ್ಲಿ ಚಹಾದ ಟ್ಯಾನಿನ್ ಮಾಡುತ್ತದೆ. ಫೆರಿಸಯನೈಡನ್ನು ಬಿಸಿ ಮಾಡುವುದು, ಪ್ರಬಲ ಆಮ್ಲದ ಜೊತೆ ಸೇರಿಸುವುದು ಕೂಡದು.

ಕಲೆಯ ಸಾಮಗ್ರಿಯೆಂದು ಯಾರೂ ಎಣಿಸದ ವಸ್ತುವನ್ನು ಅದರ ಬಾಳಿನ ಅರ್ಥದ ಸಮೇತ ಕಲೆಗೆ ತಂದವರಲ್ಲಿ ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಶೀಲಾ ಗೌಡ ಮುಖ್ಯರು. ಚಿತ್ರಕಲೆ ಕಲಿತ ಅವರು 1990ರ ದಶಕದ ಆರಂಭದಲ್ಲಿ ಸಗಣಿಯನ್ನು ಕೈಗೆತ್ತಿಕೊಂಡರು. ನೆಲ ಸಾರಿಸುವ, ಬೆರಣಿ ತಟ್ಟುವ, ಭೂಮಿ ಹುಣ್ಣಿಮೆಯ ಬುಟ್ಟಿಗೆ ಬಳಿಯುವ ಸಗಣಿ ಹೆಂಗಸರ ದುಡಿಮೆಯನ್ನು ತನ್ನೊಳಗೇ ಹೊತ್ತು ಗ್ಯಾಲರಿಗೆ ಬಂತು. ಆಮೇಲಿನ ಕೃತಿಯೊಂದರಲ್ಲಿ ಸೂಜಿಗಳಿಗೆ ಪೋಣಿಸಿದ ಉದ್ದನೆಯ ದಾರಗಳನ್ನು ಕುಂಕುಮ ಮತ್ತು ಅಂಟಿನಲ್ಲಿ ಒಟ್ಟುಗೂಡಿಸಿ ಕೆಂಪು ಹಗ್ಗಗಳಾಗಿ ತೂಗುಬಿಟ್ಟರು, ತುದಿಯಲ್ಲಿ ಸೂಜಿಗಳ ಗೊಂಚಲು. 2009ರ ವೆನಿಸ್ ಬಿಯೆನಾಲೆಯಲ್ಲಿದ್ದ ‘ಬಿಹೋಲ್ಡ್’ ಕೃತಿಗೆ ಬಳಸಿದ್ದು ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ತಲೆಗೂದಲಿನ ಹಗ್ಗ ಮತ್ತು ಕಾರುಗಳ ಬಂಪರ್. ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಕೂದಲಿನ ಹಗ್ಗ ಕಟ್ಟುವುದನ್ನು ಬೆಂಗಳೂರಿನ ಬೀದಿಗಳಲ್ಲಿ ಕಂಡವರಿಗೆ ಆ ಜೋಡಣೆಯ ಮೂಲ ತಿಳಿಯುತ್ತದೆ. ಬೆಂಗಳೂರಿನವರೇ ಆದ ರವಿಕುಮಾರ್ ಕಾಶಿ ಕೊರಿಯಾದ ಹಾಂಜಿ ಕಾಗದದ ವಿಧಾನ ಕಲಿತು, ಕಾಗದದ ತಿರುಳನ್ನೇ ಆಕಾರವಾಗಿಸುತ್ತಾರೆ. ಚಿತ್ರಕಾರ ಎಸ್.ಜಿ. ವಾಸುದೇವ್ ತಾಮ್ರದ ತಗಡಿನ ಉಬ್ಬುಶಿಲ್ಪ ಮತ್ತು ರೇಷ್ಮೆ ನೇಯ್ಗೆಗೆ ತಮ್ಮ ರೇಖೆಯನ್ನು ಒಗ್ಗಿಸಿದ್ದಾರೆ.

ಹಳೆಯದೆಲ್ಲ ನಿರುಪದ್ರವಿ ಎಂದು ತಿಳಿಯುವುದು ತಪ್ಪು. ಮೈಸೂರು ಚಿತ್ರಗಳ ಚಿನ್ನದ ಹಾಳೆಯ ಕೆಳಗಿನ ನವಿರಾದ ಉಬ್ಬಿಗೆ ಬಳಸುತ್ತಿದ್ದ ಸಫೇದ ಸೀಸದ ಸಂಯುಕ್ತ. ಅದರ ಧೂಳು ಒಳಗೆ ಹೋದರೆ ನರಮಂಡಲಕ್ಕೆ ಹಾನಿ. ಅದರ ಜೊತೆ ಸೇರುತ್ತಿದ್ದ ಗಾರ್ಸಿನಿಯಾ ಮರದ ಹಳದಿ ರಾಳ ಉಗ್ರ ಭೇದಿಕಾರಕ. ಸಫೇದದ ಬದಲು ಸತುವಿನ ಬಿಳಿ ಅಥವಾ ಸೀಮೆಸುಣ್ಣ ಬಳಸಬಹುದು. ಅಡುಗೆಯ ಪಾತ್ರೆ, ಮಿಕ್ಸಿಗಳನ್ನು ಬಣ್ಣದ ಕೆಲಸಕ್ಕೆ ತೆಗೆದುಕೊಂಡರೆ ಮತ್ತೆ ಅಡುಗೆಮನೆಗೆ ಒಯ್ಯಬಾರದು.

ಸಸ್ಯಬಣ್ಣಗಳ ಬಾಳಿಕೆಯ ಬಗೆಗಂತೂ ಭ್ರಮೆ ಬೇಡ. ಅರಿಶಿನ ಮತ್ತು ಅದಕ್ಕೆ ಸುಣ್ಣ ಸೇರಿಸಿ ಮಾಡಿದ ಕುಂಕುಮ, ಬೀಟ್‌ರೂಟ್, ದಾಸವಾಳ ಎಲ್ಲವೂ ಬಿಸಿಲಿಗೆ ಬೇಗ ಮಾಸುತ್ತವೆ. ಮಣ್ಣು, ಇದ್ದಿಲು, ಮಸಿ ಮಾಸುವುದಿಲ್ಲ. ಯಾವುದೇ ಹೊಸ ಬಣ್ಣವನ್ನು ಪರೀಕ್ಷಿಸಲು ಒಂದು ಕಾಗದದ ಮೇಲೆ ಅದರ ಪಟ್ಟಿಗಳನ್ನು ಹಚ್ಚಿ, ಅರ್ಧ ಭಾಗವನ್ನು ದಪ್ಪ ಕಪ್ಪು ಕಾಗದದಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಅಂಟಿಸಬೇಕು. ಬೇಸಿಗೆಯ ಎರಡು ಮೂರು ತಿಂಗಳು ಕಳೆದ ಮೇಲೆ ಮುಚ್ಚಿದ ಮತ್ತು ತೆರೆದ ಭಾಗಗಳನ್ನು ಪಕ್ಕಪಕ್ಕ ಹಿಡಿದರೆ ಯಾವುದನ್ನು ಚಿತ್ರಕ್ಕೆ ಬಳಸಬಹುದು, ಯಾವುದು ಅಭ್ಯಾಸದ ಪುಸ್ತಕಕ್ಕಷ್ಟೇ ಸರಿ ಎಂಬುದು ಗೊತ್ತಾಗುತ್ತದೆ. ಪಟ್ಟಿಯ ಹಿಂಬದಿಯಲ್ಲಿ ಮಣ್ಣು ತಂದ ಜಾಗ, ಅಂಟು ಮತ್ತು ಬಣ್ಣದ ಪ್ರಮಾಣ, ತಾರೀಖುಗಳನ್ನು ಪೆನ್ಸಿಲಿನಲ್ಲಿ ಬರೆದಿಟ್ಟರೆ ಅದೇ ಹದವನ್ನು ಮುಂದೆ ಮತ್ತೆ ಮಾಡಿಕೊಳ್ಳಬಹುದು.